ಕಮಾನಿಗೆ ದುಡ್ಡಿದೆ, ಕೈ ತೊಳೆಯುವ ಸೋಪಿಗೆ ಯಾವ ಲೆಕ್ಕದಲ್ಲಿ?

ಹೊಳೆಸಾಲು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೋದ ವರ್ಷ ನಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ (ಆಸ್ಪತ್ರೆಯ ಕೈಯಲ್ಲಿರುವ ದುಡ್ಡಿನ ಖರ್ಚು ತೀರ್ಮಾನಿಸುವ ಸಮಿತಿ) ನನ್ನನ್ನು ಸದಸ್ಯ ಮಾಡಿದರು. ಹೆಸರು ದೊಡ್ಡದು. ಇಲ್ಲಿಯವರೆಗೆ ಮಾಡಿದ್ದು ಎರಡು ಸಭೆಯಲ್ಲಿ ಚಹಾ ಕುಡಿದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದು.

ಹತ್ತು ದಿನಕ್ಕೆ ಮೂರನೇ ಸಭೆ ಇದೆ. ವಿಷಯಪಟ್ಟಿಯಲ್ಲಿ ಮೊದಲನೆಯದೇ ಆಸ್ಪತ್ರೆ ಮುಂದೆ ಕಮಾನು, ಅದರ ಮೇಲೆ ಲೈಟು ಉರಿಯುವ ಬೋರ್ಡು. ಎರಡನೆಯದು ಸುಣ್ಣಬಣ್ಣ. ನನಗೆ ಹೇಳುವುದು ಬೇರೆಯೇ ಇದೆ, ಆದರೆ ಅದನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೇಳಲು ಬರುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಳೆಗಾಲದಲ್ಲಿ ನಮ್ಮ ತಮ್ಮನ ಸೊಸೆಗೆ ಸಿಸೇರಿಯನ್ ಆಯಿತು (ಬೇರೆ ಊರಿನ ಆಸ್ಪತ್ರೆ, ಹೆಸರು ಬೇಡ). ಐದನೇ ದಿನ ಮನೆಗೆ ಕಳಿಸಿದರು. ಒಂಬತ್ತನೇ ದಿನ ಹೊಲಿಗೆಯ ಜಾಗ ಕೆಂಪಾಗಿ, ಕೀವು ಬಂದು, ಬಾಯಿ ಬಿಟ್ಟಿತು. ನಮ್ಮಮ್ಮ ನೋಡಿದ ಕೂಡಲೇ "ನಂಜಾಗಿದೆ, ಕರ್ಕೊಂಡು ನಡೀರಿ" ಅಂದಳು. ಮತ್ತೆ ಹದಿಮೂರು ದಿನ ವಾರ್ಡು. ಹಾಸಿಗೆ ಪುಕ್ಕಟೆ, ಔಷಧಿ ಪುಕ್ಕಟೆ, ಸರಿ. ಆದರೆ ಅವಳ ಗಂಡ, ಗಾರೆ ಕೆಲಸದ ಹುಡುಗ, ಹದಿಮೂರು ದಿನ ಕೂಲಿ ಬಿಟ್ಟ. ಹೊರಗಿಂದ ತರಲು ಚೀಟಿ ಬರೆದ ಇಂಜೆಕ್ಷನ್ನಿಗೆ ಸಾಲ ಮಾಡಿದ. ಕೂಸಿಗೆ ಬಾಟಲಿ ಹಾಲು ರೂಢಿಯಾಗಿಹೋಯಿತು.

ಅದಾದ ಮೇಲೆ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಿ ಸುಮ್ಮನೆ ಒಂದು ಗಂಟೆ ಕೂತೆ. ಮೊಣಕೈಯಲ್ಲಿ ತಿರುಗಿಸುವ ನಲ್ಲಿ ಇದೆ, ಹನ್ನೊಂದರ ಮೇಲೆ ಅದರಲ್ಲಿ ನೀರಿಲ್ಲ. ಕೆಳಗೊಂದು ಬಕೆಟ್ಟು, ಅದರೊಳಗೊಂದು ಮಗ್ಗು. ಕೋವಿಡ್ ಕಾಲದ, ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡಿಗೆ ಯಾರೋ ಛತ್ರಿ ನೇತುಹಾಕಿದ್ದರು. ಶೌಚಾಲಯ ಒರೆಸಿದ ಮಾಪ್ ಅದೇ ನೀರಿನ ಸಮೇತ ವಾರ್ಡಿಗೆ ಬಂತು. ಆ ಹೆಂಗಸನ್ನು ಬೈಯಲು ಬಾಯಿ ಬರಲಿಲ್ಲ. ಅವಳ ಹತ್ತಿರ ಇದ್ದದ್ದೇ ಒಂದು ಮಾಪ್.

ಸಮಿತಿಯ ದುಡ್ಡನ್ನು ಇದಕ್ಕೆ ಖರ್ಚು ಮಾಡಬಹುದೇ? ಎಷ್ಟು ಬೇಕು? ಯಾವ ಲೆಕ್ಕದಲ್ಲಿ?

ನೇರಮಾತು

ಮೇಷ್ಟ್ರೇ, ಕಮಾನೇ ಆಗೋದು, ಬರೆದಿಟ್ಕೊಳ್ಳಿ. ಕಮಾನಿಗೆ ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಸೋಪಿನ ಮೇಲೆ ಯಾರ ಹೆಸರು ಕೆತ್ತಿಸ್ತೀರಿ? ಎರಡು ದಿನದಲ್ಲಿ ಕರಗಿಹೋಗುತ್ತೆ.

ಡಾ_ಬಯಲುಸೀಮೆ

ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ. ಇಪ್ಪತ್ತೆರಡು ವರ್ಷ ಸರ್ಕಾರಿ ಸೇವೆಯಲ್ಲಿದ್ದೇನೆ. ಸೋಂಕು ತಡೆ ಅಂದ ಕೂಡಲೇ ಎಲ್ಲರೂ ದುಡ್ಡು ಅನ್ನುತ್ತಾರೆ. ಸ್ಯಾನಿಟೈಸರ್ ತುಂಬಿದ ಬಾಟಲಿ ಕೈಗೆಟಕುವಲ್ಲೇ ಇದ್ದರೂ ಮುಟ್ಟದ ಸರ್ಜನ್‌ಗಳನ್ನು ನೋಡಿದ್ದೇನೆ. ಒಂದೇ ಜೊತೆ ಗ್ಲೌಸ್‌ನಲ್ಲಿ ಮೂರು ಜನರ ಡ್ರೆಸ್ಸಿಂಗ್ ಮಾಡಿ, ಅದೇ ಕೈಯಲ್ಲಿ ಕೇಸ್ ಶೀಟ್ ಬರೆದು, ಅದೇ ಕೈಯಲ್ಲಿ ಮೊಬೈಲ್ ಎತ್ತುವವರಿದ್ದಾರೆ. ಗ್ಲೌಸ್ ಹಾಕಿದರೆ ಕೈ ತೊಳೆದ ಹಾಗೆ ಅಂತ ತಿಳಿದವರು ಡಾಕ್ಟರುಗಳಲ್ಲೇ ಬೇಕಾದಷ್ಟು. ಇದಕ್ಕೆ ಬಜೆಟ್ ಏನು ಮಾಡುತ್ತದೆ? ಮೊದಲು ಅಭ್ಯಾಸ ಬದಲಾಗಬೇಕು.

ನೈಟ್‌ಡ್ಯೂಟಿ

ಸರ್, ನೀವು ಹೇಳೋದು ಸುಳ್ಳಲ್ಲ. ಆದರೆ ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಆಮೇಲೆ ಅಭ್ಯಾಸದ ಮಾತಾಡೋಣ. ನಾನು ಸ್ಟಾಫ್ ನರ್ಸ್ (ಈಗ ಶುಶ್ರೂಷಾಧಿಕಾರಿ ಅನ್ನಬೇಕಂತೆ, ಹೆಸರು ಬದಲಾಯ್ತು, ಪಾಳಿ ಬದಲಾಗಿಲ್ಲ).

ರಾತ್ರಿ ಪಾಳಿ, ಬಾಣಂತಿಯರ ವಾರ್ಡು, 30 ತಾಯಂದಿರು, ನಾನೊಬ್ಬಳೇ. ಬಿಪಿ, ಡ್ರಿಪ್, ಇಂಜೆಕ್ಷನ್, ಪ್ಯಾಡ್, ಕ್ಯಾಥೆಟರ್, ಕೂಸು ಅಂತ ಒಬ್ಬೊಬ್ಬರಿಗೆ ಕಮ್ಮಿ ಅಂದ್ರೂ ಎಂಟು ಸಲ ಕೈ ಶುಚಿ ಮಾಡ್ಕೋಬೇಕು. ಒಟ್ಟು 240 ಸಲ. ಆಲ್ಕೋಹಾಲ್ ಹ್ಯಾಂಡ್‌ರಬ್ ಉಜ್ಜೋಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 20ರಿಂದ 30 ಸೆಕೆಂಡು. ಅದು ಮಂಚದ ತುದಿಯಲ್ಲೇ ಇದ್ರೆ 240 ಸಲಕ್ಕೆ ಸುಮಾರು 100 ನಿಮಿಷ. ಸೋಪು ನೀರಾದ್ರೆ 40ರಿಂದ 60 ಸೆಕೆಂಡು, ಜೊತೆಗೆ ವಾರ್ಡಿನ ಆ ತುದಿಗೆ ನಡೆದು ಹೋಗಿ ಬರೋದು. ನಾಲ್ಕು ಗಂಟೆಗಿಂತ ಜಾಸ್ತಿ! ಪಾಳಿಯ ಮೂರನೇ ಒಂದು ಭಾಗ ಸಿಂಕಿನ ಮುಂದೆ ನಿಂತ್ರೆ ಪಿಪಿಎಚ್ (ಹೆರಿಗೆ ಆದ್ಮೇಲೆ ವಿಪರೀತ ರಕ್ತ ಹೋಗೋದು) ಕೇಸನ್ನ ಯಾರು ನೋಡ್ತಾರೆ?

ಹ್ಯಾಂಡ್‌ರಬ್ ಮಂಚಮಂಚಕ್ಕೂ ಇರೋ ವಾರ್ಡಲ್ಲಿ ಕೆಲಸ ಮಾಡಿದೀನಿ, ಇಲ್ಲದ ವಾರ್ಡಲ್ಲೂ ಮಾಡಿದೀನಿ. ಎರಡೂ ಕಡೆ ನಾನೇ ನರ್ಸು, ಅದೇ ಟ್ರೈನಿಂಗು. ಅಭ್ಯಾಸ ಅಂತೀರಲ್ಲ ಸರ್, ಅದರ ಅರ್ಧ ಬಾಟಲಿಯಲ್ಲಿ ಇರುತ್ತೆ, ಇನ್ನರ್ಧ ಎರಡನೇ ನರ್ಸಿನ ಪೋಸ್ಟಲ್ಲಿ.

ಡಾ_ಬಯಲುಸೀಮೆ

ಸಿಸ್ಟರ್, ಒಪ್ಪಿದೆ. 240ರ ಲೆಕ್ಕವನ್ನು ನಾನು ಯಾವತ್ತೂ ಹಾಕಿರಲಿಲ್ಲ.

ಇನ್ನೊಂದು ಸೇರಿಸುತ್ತೇನೆ, ಮೇಷ್ಟ್ರಿಗೆ ಉಪಯೋಗಕ್ಕೆ ಬರಬಹುದು. ಆಟೋಕ್ಲೇವ್. ಆಪರೇಷನ್ ಸಾಮಾನುಗಳನ್ನು 121 ಡಿಗ್ರಿ ಉಗಿಯಲ್ಲಿ, 15 ಪೌಂಡ್ ಒತ್ತಡದಲ್ಲಿ ಬೇಯಿಸುವ ಯಂತ್ರ. ಡ್ರಮ್ಮಿನ ಮೇಲೆ ಅಂಟಿಸುವ ಟೇಪಿನ ಗೆರೆ ಕಪ್ಪಾದರೆ ಎಲ್ಲರೂ "ಸ್ಟೆರೈಲ್" ಅನ್ನುತ್ತಾರೆ. ಟೇಪ್ ಕಪ್ಪಾಯಿತು ಅಂದರೆ ಡ್ರಮ್ಮು ಬಿಸಿ ಕಂಡಿದೆ ಅಂತ, ಅಷ್ಟೇ. ಒಳಗಿನ ಕ್ರಿಮಿ ಸತ್ತಿತೋ ಇಲ್ಲವೋ ಅದು ಹೇಳುವುದಿಲ್ಲ. ಅದಕ್ಕೆ ಸ್ಪೋರ್ ಟೆಸ್ಟ್ (ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಬೀಜಕವನ್ನು ಒಳಗಿಟ್ಟು, ಸತ್ತಿತೇ ಎಂದು ನೋಡುವ ಪರೀಕ್ಷೆ) ಬೇಕು, ವಾರಕ್ಕೊಮ್ಮೆ. ಯಂತ್ರಕ್ಕೆ ಲಕ್ಷಗಟ್ಟಲೆ ಮಂಜೂರಾಗುತ್ತದೆ, ಟೆಸ್ಟ್ ಕಿಟ್ಟಿಗೆ ಇಂಡೆಂಟ್ ಹಾಕಿದರೆ "ಇದೇನು ಡಾಕ್ಟ್ರೇ, ಹೊಸದು?" ಅನ್ನುತ್ತಾರೆ. ಗ್ಯಾಸ್ಕೆಟ್ ಸವೆದು ಉಗಿ ಸೋರುತ್ತಿದ್ದ ಆಟೋಕ್ಲೇವ್‌ನಲ್ಲಿ ನಾವೇ ತಿಂಗಳುಗಟ್ಟಲೆ ಕೆಲಸ ಮಾಡಿದ್ದೇವೆ. ಆ ಗ್ಯಾಸ್ಕೆಟ್ ಒಂದು ರಬ್ಬರ್ ಉಂಗುರ. ವಾರ್ಷಿಕ ನಿರ್ವಹಣಾ ಒಪ್ಪಂದ ಮುಗಿದಿತ್ತು.

ಖಜಾನೆ_ಕಾಕಾ

ಮಾಸ್ತರ್ರ, ನಮಸ್ಕಾರ್ರಿ. ನಾ ಮೂವತ್ತ ವರ್ಷ ಲೆಕ್ಕಪತ್ರ ನೋಡಿದಾಂವ, ಧಾರವಾಡ ಕಡಿಯಾಂವ. ಡಾಕ್ಟರು, ಸಿಸ್ಟರು ಹೇಳಿದ್ದ ಖರೇ. ಈಗ ರೊಕ್ಕದ ಮಾತ ಕೇಳ್ರಿ.

ರೊಕ್ಕ ಇಲ್ಲ ಅಂತಲ್ಲ. ರೊಕ್ಕಕ್ಕ ಹೆಸರ ಇಲ್ಲ, ಅದ ತ್ರಾಸ. ಆಸ್ಪತ್ರಿ ಬಜೆಟ್ಟಿನ್ಯಾಗ ಔಷಧ ಅಂತ ಒಂದು ಸಾಲ ಇರತೈತಿ, ಕಟ್ಟಡ ಅಂತ ಒಂದ, ಯಂತ್ರ ಅಂತ ಒಂದ, ಹೊರಗುತ್ತಿಗಿ ಅಂತ ಒಂದ. "ಸೋಂಕು ತಡಿ" ಅಂತ ಸಾಲ ಎಲ್ಲೀದ ತೋರಸ್ರಿ? ಗ್ಲೌಸು ಔಷಧದಾಗ, ಮಾಪು ಸಾದಿಲ್ವಾರಿನ್ಯಾಗ (ಚಿಲ್ಲರೆ ಖರ್ಚಿನ್ಯಾಗ), ನೀರಿನ ಮೋಟರು ದುರಸ್ತಿಯೊಳಗ, ಝಾಡಿಸೂ ಹೆಣ್ಮಗಳು ಟೆಂಡರಿನ್ಯಾಗ. ನಾಕ ಮನಿ ಕೂಸು, ಹಾಲ ಹಾಕಾವರ ಯಾರೂ ಇಲ್ಲ.

ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಮಾರ್ಗಸೂಚಿ ಪ್ರಕಾರ ಅನ್‌ಟೈಡ್ ಫಂಡ್, ಅಂದ್ರ ಮುಕ್ತ ನಿಧಿ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ) ವರ್ಷಕ್ಕ 1.75 ಲಕ್ಷ, ನಿಮ್ಮಂಥಾ ತಾಲ್ಲೂಕ ಆಸ್ಪತ್ರಿಗೆ 5 ಲಕ್ಷ, ಜಿಲ್ಲಾ ಆಸ್ಪತ್ರಿಗೆ 10 ಲಕ್ಷ. ಪಿಎಚ್‌ಸಿದು ಭಾಗಿಸಿ ನೋಡ್ರಿ, ದಿನಕ್ಕ 480 ರೂಪಾಯಿ. ಬಲ್ಬು, ನಲ್ಲಿ, ಫಿನೈಲು, ಝೆರಾಕ್ಸು ಎಲ್ಲಾ ಅದರಾಗ. ಅದೂ ಏಪ್ರಿಲ್‌ನ್ಯಾಗ ಬರೂದಿಲ್ಲ. ಈಗ ಸಿಂಗಲ್ ನೋಡಲ್ ಅಕೌಂಟ್ (ರಾಜ್ಯಕ್ಕೆಲ್ಲಾ ಒಂದ ಖಾತೆ) ಆದ ಮ್ಯಾಲೆ ರೊಕ್ಕ ನಿಮ್ಮ ಖಾತೆಗೂ ಬರೂದಿಲ್ಲ, ಖರ್ಚಿನ ಮಿತಿ ಅಷ್ಟ ಬರತೈತಿ. ವರ್ಷದ ಕೊನಿಗೆ ಮಿತಿ ತೆರದ್ರ ಏನ ಮಾಡತಾರ? ಮಾರ್ಚ್ ಖರೀದಿ! ಸೋಪು ಹನ್ನೆರಡ ತಿಂಗಳ ಬೇಕ, ರೊಕ್ಕ ಒಂದ ತಿಂಗಳ. ಕಮಾನು ಯಾಕ ಆಗತೈತಿ ಅಂದ್ರ ಕಮಾನು ಮಾರ್ಚ್‌ನ್ಯಾಗ ಮುಗಸಾಕ ಬರತೈತಿ.

ಇನ್ನೊಂದ ಮಜಾ ಕೇಳ್ರಿ. 2005ರಾಗ ಎನ್‌ಆರ್‌ಎಚ್‌ಎಂ (ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ) ಸುರು ಆದ ಕಾಲಕ್ಕ ಉಪಕೇಂದ್ರದ ಮುಕ್ತ ನಿಧಿಗೆ ಬಂದ ಮಾರ್ಗಸೂಚಿಯೊಳಗ ಹೆರಿಗಿ ಆದ ಮ್ಯಾಲೆ ಸ್ವಚ್ಛ ಮಾಡಿದವರಿಗೆ ಕೂಲಿ ಕೊಡ್ರಿ ಅಂತಿತ್ತು, ಅದ ಕಾಗದದಾಗ ಪಗಾರಕ್ಕ, ಗಾಡಿಗೆ, ಪದೇ ಪದೇ ಬರೂ ಖರ್ಚಿಗೆ ಬಳಸಬ್ಯಾಡ್ರಿ ಅಂತನೂ ಇತ್ತು. ಕೈ ತೊಳಿಯೂದು ಪದೇ ಪದೇ ಬರೂ ಖರ್ಚ ಅಲ್ಲೇನ್ರಿ? ಆಡಿಟ್ ಆಕ್ಷೇಪಣಿ ಹೆದರಿಕಿ ಇರೂದ ಇಂಥಾ ಕಡೆ.

ಹೊಳೆಸಾಲು_ಮೇಷ್ಟ್ರು

ಕಾಕಾ, ಬಹಳ ಉಪಕಾರ. ನಾನು ಗಣಿತದ ಮೇಷ್ಟ್ರು, ಕೂತು ಒಂದು ಲೆಕ್ಕ ಮಾಡಿದೆ. ತಪ್ಪಿದ್ದರೆ ತಿದ್ದಿ.

ನಮ್ಮದು 100 ಹಾಸಿಗೆ. ಸರಾಸರಿ 80 ತುಂಬಿರುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 29,200 ರೋಗಿ-ದಿನ (80 ರೋಗಿಗಳು, 365 ದಿನ). ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು ಒಂದು ಸಾವಿರ ರೋಗಿ-ದಿನಕ್ಕೆ ಕನಿಷ್ಠ 20 ಲೀಟರ್ ಹ್ಯಾಂಡ್‌ರಬ್. ಅಂದರೆ 584 ಲೀಟರ್. ಲೀಟರಿಗೆ 250 ರೂಪಾಯಿ ಹಿಡಿದರೆ 1,46,000. ಐದು ಲಕ್ಷದಲ್ಲಿ ಹತ್ತಿರ ಹತ್ತಿರ ನೂರಕ್ಕೆ ಮೂವತ್ತು ಪಾಲು ಬರೀ ಕೈ ಉಜ್ಜಲು. ಮೊದಲು ಗಾಬರಿಯಾಯಿತು. ಆಮೇಲೆ 29,200ರಿಂದ ಭಾಗಿಸಿದೆ: ಒಬ್ಬ ರೋಗಿಗೆ ಒಂದು ದಿನಕ್ಕೆ 5 ರೂಪಾಯಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಈ ದುಡ್ಡಿಗೆ ಅರ್ಧ ಚಹಾ ಬರುತ್ತದೆ.

ನಾನೇ ಹೋಗಿ ಸ್ಟಾಕ್ ರಿಜಿಸ್ಟರ್ ಕೇಳಿ ನೋಡಿದೆ. ಈ ವರ್ಷ ಇಲ್ಲಿಯತನಕ ಎಷ್ಟು ಲೀಟರ್ ಖರ್ಚಾಗಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಫಾರ್ಮಸಿ ಹುಡುಗನಿಗೆ ತೊಂದರೆ.

ಬೆಳಗಿನ_ಪಾಳಿ

ನಾನು ಸಾಮಾನ್ಯವಾಗಿ ಇಲ್ಲಿ ಬರೀ ಓದ್ತೀನಿ. ಇವತ್ತು ಬರೀಬೇಕು ಅನ್ನಿಸ್ತು. ನಮ್ಮಮ್ಮ ಹದಿನಾಲ್ಕು ವರ್ಷದಿಂದ ಒಂದು ಸರ್ಕಾರಿ ಆಸ್ಪತ್ರೆಲಿ ಸ್ವಚ್ಛತೆ ಕೆಲಸ ಮಾಡ್ತಾರೆ. ಹೊರಗುತ್ತಿಗೆ. ಇಷ್ಟರಲ್ಲಿ ನಾಲ್ಕು ಏಜೆನ್ಸಿ ಬದಲಾಗಿವೆ, ಅಮ್ಮ ಒಬ್ಬರೇ ಅಲ್ಲೇ ಇದಾರೆ.

ಎಲ್ಲರೂ ಡಾಕ್ಟರ್ ಕೈ, ನರ್ಸ್ ಕೈ ಅಂತಿದೀರಿ. ಕಸದ ಚೀಲ ಎತ್ತೋ ಕೈ ಯಾರ್ದು? ಹಳದಿ, ಕೆಂಪು, ಬಿಳಿ, ನೀಲಿ ಅಂತ ನಾಲ್ಕು ಬಣ್ಣ ಗೋಡೆ ಮೇಲೆ ಅಂಟಿಸಿದಾರೆ. ಸೂಜಿ ಬಿಳಿ ಡಬ್ಬಿಗೆ ಹೋಗ್ಬೇಕು. ಮೇಲಿನವರು ಅವಸರದಲ್ಲಿ ಹಳದಿ ಚೀಲಕ್ಕೆ ಹಾಕ್ತಾರೆ. ಎರಡು ವರ್ಷದ ಹಿಂದೆ ಅಮ್ಮನ ಅಂಗೈಗೆ ಚುಚ್ಚಿತು. ಕೊಟ್ಟಿದ್ದು ತೆಳು ಪ್ಲಾಸ್ಟಿಕ್ ಗ್ಲೌಸು, ಹೋಟೆಲಲ್ಲಿ ಬಡಿಸೋಕೆ ಹಾಕ್ಕೊಳ್ತಾರಲ್ಲ, ಆ ಥರದ್ದು. ಅಮ್ಮ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ "ನೋಡ್ಕೊಂಡು ಎತ್ತೋಕಾಗಲ್ವಾ" ಅಂತಾರೆ ಅಂತ. ನನಗೆ ಗೊತ್ತಾಗಿದ್ದು ಮೂರು ವಾರ ಆದ್ಮೇಲೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ರಾ ಅಂತ ಕೇಳಿದ್ರೆ "ಅದು ಪರ್ಮನೆಂಟಿನವರಿಗೆ" ಅಂದ್ರು. ರಕ್ತ ಪರೀಕ್ಷೆ ಮಾಡಿಸಿದ್ವಿ, ಮೂರು ದಿನಕ್ಕೆ ರಿಪೋರ್ಟ್ ನಾರ್ಮಲ್ ಬಂತು. ಆ ಮೂರು ದಿನ ನಾವು ಹೇಗಿದ್ವಿ ಅಂತ ಬರೆಯೋಕೆ ಬರಲ್ಲ.

ಸಂಬಳ ಮೂರು ತಿಂಗಳಿಗೊಮ್ಮೆ. ಮಾಪ್ ಹಳೇದಾದ್ರೆ ಏಜೆನ್ಸಿ "ಆಸ್ಪತ್ರೆ ಕೊಡಬೇಕು" ಅನ್ನುತ್ತೆ, ಆಸ್ಪತ್ರೆ "ಏಜೆನ್ಸಿ ಕೊಡಬೇಕು" ಅನ್ನುತ್ತೆ. ಅಮ್ಮ ನಮ್ಮ ಮನೆ ಹಳೇ ಲುಂಗಿ ಹರಿದು ತಗೊಂಡು ಹೋಗಿದಾರೆ. ಮೇಷ್ಟ್ರೇ, ನೀವು ಆ ಹೆಂಗಸನ್ನ ಬೈದಿಲ್ಲ ಅಂತ ಬರೆದಿದ್ರಿ. ಅದಕ್ಕೇ ಇಷ್ಟು ಬರೆದೆ.

ನೈಟ್‌ಡ್ಯೂಟಿ

ತಮ್ಮಾ, "ಪರ್ಮನೆಂಟಿನವರಿಗೆ" ಅಂದವರು ತಪ್ಪು ಹೇಳಿದಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಈ ಕಸ ಮುಟ್ಟೋ ಎಲ್ಲರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸಬೇಕು ಅಂತ ಇದೆ. ಪರ್ಮನೆಂಟು, ಹೊರಗುತ್ತಿಗೆ ಅನ್ನೋ ಭೇದ ಇಲ್ಲ. ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಅಮ್ಮನಿಗೆ ಈಗಲಾದ್ರೂ ಹಾಕಿಸು. ಇನ್ನೊಂದ್ಸಲ ಚುಚ್ಚಿದ್ರೆ ಸುಮ್ಮನಿರಬಾರದು. ಎಚ್‌ಐವಿ ತಡೆ ಮಾತ್ರೆ 72 ಗಂಟೆ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.

ಕಡಲಕರೆ

ಎಲ್ಲವೂ ಕತ್ತಲೆ ಅಂತ ಹೇಳ್ಬೇಡಿ ಮಾರಾಯ್ರೆ. 2015ರಲ್ಲಿ ಕೇಂದ್ರ ಸರ್ಕಾರ ಕಾಯಕಲ್ಪ ಅಂತ ತಂದಿತಲ್ಲ, ಅದರಿಂದ ನಮ್ಮ ಬದಿಯ ಪಿಎಚ್‌ಸಿ ಗುರುತು ಸಿಗದ ಹಾಗೆ ಆಯ್ತು. ಶುಚಿತ್ವ, ಕಸ ವಿಲೇವಾರಿ, ಸೋಂಕು ನಿಯಂತ್ರಣ ಎಲ್ಲದಕ್ಕೂ ಅಂಕ. ನೂರಕ್ಕೆ 70 ದಾಟಿದ್ರೆ ಬಹುಮಾನದ ಪಟ್ಟಿಗೆ. ಪಿಎಚ್‌ಸಿಗೆ ಮೊದಲ ಬಹುಮಾನ 2 ಲಕ್ಷ, ಸಮಾಧಾನಕ್ಕೆ 50,000. ಅದರಲ್ಲಿ ನಾಲ್ಕನೇ ಒಂದು ಪಾಲು ಸಿಬ್ಬಂದಿಗೆ, ಉಳಿದದ್ದು ಆಸ್ಪತ್ರೆಗೆ. ನಮ್ಮ ಡಿ ಗ್ರೂಪಿನವರಿಗೂ ಸಿಕ್ಕಿತು. ಆ ದಿನ ಅವರು ಪಾಯಸ ಮಾಡಿ ಬಡಿಸಿದ್ದು ನಾನೇ ಉಂಡಿದ್ದೇನೆ.

ನೇರಮಾತು

ಪಾಯಸ ಸಿಕ್ಕವರಿಗೆ ಸಂತೋಷ. ಆದ್ರೆ ಇದು ಓದೋ ಹುಡುಗನಿಗೆ ಪುಸ್ತಕ ಬಹುಮಾನ ಕೊಟ್ಟ ಹಾಗೆ. ಪುಸ್ತಕ ಇಲ್ಲದೆ ಫೇಲ್ ಆದವನಿಗೆ ಏನು? 70 ಅಂಕ ದಾಟೋಕೆ ನಲ್ಲಿ ಬೇಕು, ನಲ್ಲಿಗೆ ದುಡ್ಡು ಬೇಕು, ದುಡ್ಡು ಸಿಗೋದು 70 ದಾಟಿದ ಮೇಲೆ. ತಪಾಸಣೆ ತಂಡ ಬರೋ ವಾರ ಹೊಸ ಬೆಡ್‌ಶೀಟು, ಅವರು ಹೋದ ಮೇಲೆ ಮತ್ತೆ ಬೀರುವಿಗೆ, ಇದನ್ನ ನೋಡದವರು ಕೈ ಎತ್ತಿ.

ಕಡಲಕರೆ

ಕೈ ಎತ್ತುದಿಲ್ಲ. ನೋಡಿದ್ದೇನೆ. 😐

ಲೀಡ್ಸ್_ಕನ್ನಡತಿ

ತಡವಾಗಿ ಸೇರಿಕೊಳ್ತಿದೀನಿ. ಹಾಸನದ ಕಡೆಯವಳು, ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಎಲ್ಲ ಸರಿ ಇದೆ ಅಂತ ಹೇಳೋಕೆ ಬಂದಿಲ್ಲ, ಇಲ್ಲೂ ಒಂದು ಕಾಲದಲ್ಲಿ ಎಂಆರ್‌ಎಸ್‌ಎ ಅನ್ನೋ ಔಷಧಿಗೆ ಬಗ್ಗದ ಕ್ರಿಮಿ ಆಸ್ಪತ್ರೆಗಳಲ್ಲಿ ಮನೆ ಮಾಡಿತ್ತು. ಹಿರಿಯ ಸಿಸ್ಟರ್‌ಗಳು ಆ ಕಾಲದ ಕಥೆ ಹೇಳ್ತಾರೆ. 2001ರಲ್ಲಿ ಆ ರಕ್ತಸೋಂಕಿನ ಲೆಕ್ಕ ಕೊಡೋದನ್ನ ಕಡ್ಡಾಯ ಮಾಡಿದ್ರು. ಲೆಕ್ಕ ಹೊರಗೆ ಬಂದ ಮೇಲೆ ಪತ್ರಿಕೆಗಳು ಸುಮ್ಮನಿರಲಿಲ್ಲ. 2004ರಲ್ಲಿ ಸರ್ಕಾರ 2008ರೊಳಗೆ ಅರ್ಧಕ್ಕೆ ಇಳಿಸ್ತೀವಿ ಅಂತ ಗುರಿ ಇಟ್ಕೊಂಡಿತು, ಇಳಿಸಿತು. ಮಂಚದ ಪಕ್ಕಕ್ಕೆ ಹ್ಯಾಂಡ್‌ರಬ್ ಬಂದಿದ್ದೂ ಆ ವರ್ಷಗಳಲ್ಲೇ.

ಮೇಷ್ಟ್ರೇ, ನಿಮ್ಮ ತಮ್ಮನ ಸೊಸೆಗೆ ನಂಜಾದದ್ದು ಯಾವ ರಿಜಿಸ್ಟರಿನಲ್ಲಿದೆ? ಮೊದಲ ಆಸ್ಪತ್ರೆಯ ದಾಖಲೆಯಲ್ಲಿ ಅವಳು "ಗುಣಮುಖಳಾಗಿ ಬಿಡುಗಡೆ". ಅಂದ್ರೆ ಆ ಆಸ್ಪತ್ರೆಯ ಲೆಕ್ಕದಲ್ಲಿ ಸೋಂಕೇ ಇಲ್ಲ. ಇಲ್ಲದ ಕಾಯಿಲೆಗೆ ಯಾರು ದುಡ್ಡು ಕೊಡ್ತಾರೆ ಹೇಳಿ?

ಡಾ_ಬಯಲುಸೀಮೆ

ಇದು ಸರಿಯಾದ ಜಾಗಕ್ಕೆ ಬಿದ್ದ ಏಟು. 2022ರ ಮೇನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುವುದು, ಒಳರೋಗಿಗಳಾಗಿ ಸೇರಿದ 100 ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಆಸ್ಪತ್ರೆಯಿಂದಲೇ ಒಂದಾದರೂ ಸೋಂಕು ತಗಲುತ್ತದೆ. ಹಾಗೆ ತಗಲಿದ ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ. ಇದನ್ನು ಹಿಡಿದುಕೊಂಡು ನಮ್ಮ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಹೋದರೆ "ಅದು ಸರಿ ಡಾಕ್ಟ್ರೇ, ನಿಮ್ಮ ಆಸ್ಪತ್ರೆಯದು ಎಷ್ಟು?" ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಬರಬೇಕು.

ಎಣಿಸುವುದಕ್ಕೆ ದೊಡ್ಡ ಲ್ಯಾಬೇ ಬೇಕು ಅಂತಿಲ್ಲ. ಶಸ್ತ್ರಚಿಕಿತ್ಸೆ ಆದ 30 ದಿನದೊಳಗೆ ಗಾಯ ಕೀವಾದರೆ ಅದು ಆಪರೇಷನ್ ಸೋಂಕು ಅಂತ ಲೆಕ್ಕ. ಆಶಾ ಕಾರ್ಯಕರ್ತೆ ಕೂಸು ನೋಡಲು ಹೇಗೂ 7, 14, 21, 28, 42ನೇ ದಿನ ಮನೆಗೆ ಹೋಗುತ್ತಾಳೆ. ಕೂಸಿನ ತೂಕ, ಜ್ವರ ಬರೆದುಕೊಳ್ಳುತ್ತಾಳೆ. "ಅಮ್ಮನ ಹೊಲಿಗೆ ಒಣಗಿದೆಯೇ, ಕೀವು ಇದೆಯೇ" ಅಂತ ಒಂದು ಸಾಲು ಸೇರಿಸಿ, ತಿಂಗಳ ಕೊನೆಗೆ ಆಸ್ಪತ್ರೆಗೆ ತಿಳಿಸಿದರೆ ನಮ್ಮದೇ ಅಂಕಿ ನಮ್ಮ ಕೈಯಲ್ಲಿ. ಆಶಾಗೆ ಅದಕ್ಕೆ ಬೇರೆ ಗೌರವಧನ ಕೊಡಬೇಕು, ಮತ್ತೆ ಪುಕ್ಕಟೆ ಕೆಲಸ ಹೇರುವುದಲ್ಲ.

ನೈಟ್‌ಡ್ಯೂಟಿ

ಲೆಕ್ಕ ಒಳ್ಳೇದೇ. ಆದ್ರೆ ಮೊದಲ ತಿಂಗಳು ನೂರಕ್ಕೆ ಹತ್ತು ಅಂತ ಬಂತು ಅನ್ನಿ, ನೋಟಿಸ್ ಯಾರಿಗೆ ಬರುತ್ತೆ? ಓಟಿ (ಆಪರೇಷನ್ ಥಿಯೇಟರ್) ಸಿಸ್ಟರಿಗೆ. ಎರಡನೇ ತಿಂಗಳು ಸೊನ್ನೆ ಬರುತ್ತೆ ನೋಡಿ. ಬೇಕಾದ್ರೆ ಬೆಟ್ ಕಟ್ತೀನಿ.

ಲೀಡ್ಸ್_ಕನ್ನಡತಿ

ನಿಜ ಅಕ್ಕಾ. ಇಲ್ಲಿ ಅಂಕಿ ಆಸ್ಪತ್ರೆಯ ಹೆಸರಲ್ಲಿ ಬರುತ್ತೆ, ನರ್ಸಿನ ಹೆಸರಲ್ಲಲ್ಲ. ಉತ್ತರ ಹೇಳಬೇಕಾದ್ದು ಮೇಲಿನವರು. ಆದ್ರೂ ಒಳಗೊಳಗೆ ಬೈಗುಳ ನಮಗೇ ಬೀಳುತ್ತೆ, ಅದು ಎಲ್ಲ ಕಡೆ ಒಂದೇ.

ಖಜಾನೆ_ಕಾಕಾ

ಮಾಸ್ತರ್ರ, ಸಭಾದಾಗ ಭಾಷಣ ಮಾಡಬ್ಯಾಡ್ರಿ. ಠರಾವು ಬರಕೊಂಡ ಹೋಗ್ರಿ, ಓದಿ ಹೇಳ್ರಿ. ಹಿಂಗ ಬರೀರಿ: ಹೆರಿಗಿ ಕೋಣಿ, ಓಟಿ ನೀರಿನ ದುರಸ್ತಿಗೆ ಇಂತಿಷ್ಟು. ಹ್ಯಾಂಡ್‌ರಬ್ ಹನ್ನೆರಡೂ ತಿಂಗಳ, ಮೂರು ತಿಂಗಳಿಗೊಮ್ಮೆ ಖರೀದಿ, ಒಮ್ಮೆಲೆ ಅಲ್ಲ. ಆಟೋಕ್ಲೇವ್ ನಿರ್ವಹಣಾ ಒಪ್ಪಂದ ನವೀಕರಣ. ಇವಿಷ್ಟೂ "ರೋಗಿಗಳ ಸುರಕ್ಷತೆಗಾಗಿ" ಅನ್ನೂ ಶಬ್ದ ಹಾಕಿ ಬರದ್ರ ಆಡಿಟ್‌ನವರು ಹಲ್ಲ ಕಡೀಲಿ, ಕಚ್ಚೂದಿಲ್ಲ.

ಎರಡನೇದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕ್ಲೇಮ್ ರೊಕ್ಕ (ಆ ಯೋಜನೆಯಾಗ ಚಿಕಿತ್ಸೆ ಮಾಡಿದ್ದಕ್ಕ ಆಸ್ಪತ್ರಿಗೆ ಬರೂದು) ಎಷ್ಟ ಬಂದೈತಿ, ಎಷ್ಟ ಉಳದೈತಿ ಕೇಳ್ರಿ. ಮುಕ್ತ ನಿಧಿಗಿಂತ ದೊಡ್ಡ ಗಂಟು ಕೆಲವ ಕಡೆ ಅಲ್ಲಿ ಇರತೈತಿ, ಯಾರೂ ಕೇಳೂದಿಲ್ಲ.

ಮೂರನೇದು ಆ ತಮ್ಮ ಬರದಾನಲ್ಲ, ಅದು. ಏಜೆನ್ಸಿ ಟೆಂಡರ್ ಮುಂದಿನ ಸಲ ಕರಿಯೂ ಮುಂಚೆ ಷರತ್ತಿನ್ಯಾಗ ಬರಸ್ರಿ: ಶೌಚಾಲಯಕ್ಕ ಬ್ಯಾರೆ ಮಾಪು, ವಾರ್ಡಿಗೆ ಬ್ಯಾರೆ, ಓಟಿಗೆ ಬ್ಯಾರೆ. ದಪ್ಪ ರಬ್ಬರ್ ಗ್ಲೌಸು, ಬೂಟು, ಲಸಿಕಿ. ಯಾರ ಕೊಡಬೇಕಂತ ಕಾಗದದಾಗ ಇರಲಿ. ಎಲ್-1 ಅಂತ ಕಡಿಮಿ ರೇಟಿನವಗ ಕೊಡೂದ ಆದ್ರೂ, ಷರತ್ತು ಎಲ್ಲಾರಿಗೂ ಒಂದ ಇದ್ರ ಮಾಪಿನ್ಯಾಗ ಉಳಿಸಾಕ ಬರೂದಿಲ್ಲ.

ಹೊಳೆಸಾಲು_ಮೇಷ್ಟ್ರು

ಸಭೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಎರಡೂವರೆ ತಾಸು. ಠರಾವನ್ನು ಕಾಕಾ ಹೇಳಿದ ಹಾಗೆ ಓದಿದೆ. ರೋಗಿಗೆ ದಿನಕ್ಕೆ 5 ರೂಪಾಯಿ ಅಂದಾಗ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. 1,46,000 ಅಂದಿದ್ದರೆ ಜಗಳವಾಗುತ್ತಿತ್ತು ಅನ್ನಿಸುತ್ತದೆ.

ಆದದ್ದು: ನೀರು ನಿಲ್ಲುತ್ತಿದ್ದದ್ದಕ್ಕೆ ಕಾರಣ ಮೇಲಿನ ಟ್ಯಾಂಕಿನ ವಾಲ್ವು, ಅದರ ದುರಸ್ತಿ ಮಂಜೂರು. ಆರು ತಿಂಗಳ ಹ್ಯಾಂಡ್‌ರಬ್ (ಹನ್ನೆರಡು ಕೇಳಿದ್ದೆ). ಆಟೋಕ್ಲೇವ್ ಒಪ್ಪಂದ ನವೀಕರಣ. ಸ್ಪೋರ್ ಟೆಸ್ಟ್ ಬಗ್ಗೆ "ವಿಚಾರಿಸಿ ಹೇಳುತ್ತೇವೆ". ಸ್ವಚ್ಛತಾ ಸಿಬ್ಬಂದಿ ಹದಿನಾಲ್ಕು ಜನಕ್ಕೂ ಲಸಿಕೆ, ದಿನಾಂಕ ಸಮೇತ ನಡಾವಳಿಯಲ್ಲಿ ಬರೆಸಿದೆ. ಅವರ ಸಂಬಳ ತಡವಾಗುವುದರ ಬಗ್ಗೆ ಕೇಳಿದ್ದಕ್ಕೆ "ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ" ಅಂದರು. ಹೊಲಿಗೆ ಸೋಂಕು ಎಣಿಸುವ ವಿಷಯಕ್ಕೆ ಎಲ್ಲರೂ ತಲೆಯಾಡಿಸಿದರು, ಆದರೆ ಬರೆದುಕೊಳ್ಳಲಿಲ್ಲ.

ಕಮಾನೂ ಪಾಸಾಯಿತು. ಬೇರೆ ಅನುದಾನವಂತೆ.

ನೇರಮಾತು

😂 ಹೇಳಿರಲಿಲ್ವಾ.

ಬೆಳಗಿನ_ಪಾಳಿ

ಮೇಷ್ಟ್ರೇ, ಲಸಿಕೆ ಬಗ್ಗೆ ಬರೆದಿರೋ ನಡಾವಳಿ ಪುಟದ ಫೋಟೋ ಸಿಗುತ್ತಾ? ಹೆಸರು, ಊರು ಅಳಿಸಿ ಕೊಡಿ. ಅಮ್ಮನ ಆಸ್ಪತ್ರೆಯಲ್ಲಿ ತೋರಿಸಬೇಕು. "ಬೇರೆ ಕಡೆ ಮಾಡಿದಾರೆ" ಅಂದ್ರೆ ಇಲ್ಲಿ ಬೇಗ ಕೇಳ್ತಾರೆ.

ಹೊಳೆಸಾಲು_ಮೇಷ್ಟ್ರು

ನಾಳೆ ಹೋಗಿ ತೆಗೆದು ಕಳಿಸುತ್ತೇನೆ ಮಗಾ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಖಜಾನೆ_ಕಾಕಾ

ಹೋದಾಗ ಸೋಂಕು ಎಣಸೂ ವಿಷಯಾನೂ ಬರಸಿ ಬರ್ರಿ ಮಾಸ್ತರ್ರ. ನಡಾವಳಿ ಪುಸ್ತಕಕ್ಕ ಅಧ್ಯಕ್ಷರ ಸಹಿ ಇನ್ನೂ ಆಗಿರಂಗಿಲ್ಲ, ಎರಡ ದಿನ ಟೈಮ್ ಐತಿ.